ಅಂಚೆ ಡಬ್ಬಿಯ ಸಾಕ್ಷಿ

ಡ್ರಾಯಿಂಗ್ ಮೇಷ್ಟ್ರಿಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಸಾಲದ್ದಕ್ಕೆ ಹೋದ ಭಾನುವಾರ ಸಂಜೆ ಐದು ಗಂಟೆಗೆ, ಅವರು ಕೈಯಾರೆ ಗುಬ್ಬಿಯ ಚಿತ್ರ ಬರೆದು ಗೇಟಿಗೆ ತಗುಲಿಸಿದ್ದ ಅಂಚೆ ಡಬ್ಬಿಗೆ ಯಾರೋ ಗುದ್ದಿ ಅಪ್ಪಚ್ಚಿ ಮಾಡಿದ್ದರು. ಎದುರುಮನೆ ಟೈಲರನ ಸ್ಕೂಟರೇ ಎಂದು ಮೇಷ್ಟ್ರು ಆ ಕ್ಷಣವೇ ತೀರ್ಪು ಕೊಟ್ಟಾಗಿತ್ತು. ಗೇಟಿನ ಮೇಲಿನ ಕ್ಯಾಮರಾ ಎಲ್ಲವನ್ನೂ ನೋಡಿತ್ತು. ಆದರೆ ಅದರ ಪಾಸ್‌ವರ್ಡ್ ಕ್ಯಾಮರಾ ಕೂರಿಸಿದವನ ಹತ್ತಿರವಿತ್ತು. ಅವನು ಏಳು ದಿನ ಸತಾಯಿಸಿ ಈ ಭಾನುವಾರ ಬೆಳಿಗ್ಗೆ ಪ್ರತ್ಯಕ್ಷನಾದ.

ಟಿವಿಯ ಕೆಳಗಿದ್ದ ರೆಕಾರ್ಡರ್ ನೋಡಿ ಅವನು ತಲೆ ಕೆರೆದುಕೊಂಡ. "ಸಾರ್, ಡಿಸ್ಕ್ ತುಂಬಿದೆ. ಕ್ಯಾಮರಾ ಮುಂದೆ ಯಾರಾದ್ರೂ ಅಲ್ಲಾಡಿದ್ರೆ ಹೊಸದು ರೆಕಾರ್ಡ್ ಆಗುತ್ತೆ, ಅಷ್ಟು ಹಳೇದು ಅಳಿಸಿಹೋಗುತ್ತೆ. ನಿಮ್ಮ ಭಾನುವಾರದ ಸಂಜೆನೇ ಈಗ ಎಲ್ಲಕ್ಕಿಂತ ಹಳೇದು. ಕಾಪಿ ಮಾಡೋಕೆ ಪೆನ್‌ಡ್ರೈವ್ ತರ್ತೀನಿ. ಅಲ್ಲೀವರೆಗೂ ರೆಕಾರ್ಡಿಂಗ್ ನಿಲ್ಲಿಸ್ಲಾ?"

"ನಿಲ್ಲಿಸೋದಾ? ಇವತ್ತು ಅವನು ಗೇಟನ್ನೇ ಬೀಳಿಸ್ತಾನೆ!"

"ಹಾಗಾದ್ರೆ ಗೇಟಿನ ಹತ್ರ ಯಾರೂ ಹೋಗ್ಬೇಡಿ."

ಅವನ ಬೈಕು ತಿರುವು ದಾಟುವಷ್ಟರಲ್ಲಿ ಮೇಷ್ಟ್ರು ಗೇಟಿನಲ್ಲಿದ್ದರು.

"ಲೋ ಟೈಲರ್! ಬಾರೋ ಈಚೆ! ಸಾಕ್ಷಿ ಸಿಕ್ಕಿದೆ!"

ಕತ್ತಿನಲ್ಲಿ ಟೇಪು ನೇತುಹಾಕಿಕೊಂಡೇ ಟೈಲರ್ ಬಂದ. "ನಿಮ್ಮ ಡಬ್ಬಿ ನಾನು ಮುಟ್ಟಿಲ್ಲ ಮೇಷ್ಟ್ರೇ."

"ಡಬ್ಬಿ ಅಂತ ನಾನು ಹೇಳಿದ್ನಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ!"

"ಒಂದು ವಾರದಿಂದ ಬೇರೆ ಏನು ಹೇಳಿದ್ದೀರಿ ನೀವು?"

ಜಗಳ ಬಿಡಿಸಲು ಬಂದ ಪಕ್ಕದ ಮನೆ ಅಜ್ಜಿ ಪಂಚಾಯಿತಿಗೇ ಕೂತರು. "ಎಲ್ಲರೂ ನೋಡೋಣ. ತಪ್ಪು ಯಾರದ್ದೋ ಅವರು ಬೀದಿಯೋರ ಮುಂದೆ ಕೈ ಮುಗಿದು ಕ್ಷಮೆ ಕೇಳ್ಬೇಕು."

ಇಬ್ಬರೂ ಒಪ್ಪಿದರು. ಸುದ್ದಿ ಕೇಳಿ ಬೀದಿಯವರೆಲ್ಲ ಕುರ್ಚಿ ಹೊತ್ತು ಬಂದರು. ಬಂದವರಿಗೆಲ್ಲ ಮೇಷ್ಟ್ರು ಗೇಟಿನಲ್ಲೇ ಕೈಕಾಲು ಬೀಸಿ, ಸ್ಕೂಟರು ಹೀಗೆ ಬಂತು, ಹೀಗೆ ಗುದ್ದಿತು ಎಂದು ಮೊದಲಿಂದ ಮಾಡಿ ತೋರಿಸಿದರು.

"ರೀ, ಗೇಟಿನ ಹತ್ರ ಹೋಗ್ಬೇಡಿ ಅಂದಿದ್ರಲ್ಲಾ," ಎಂದರು ಹೆಂಡತಿ.

"ನೀನು ಸುಮ್ನಿರು!"

ಎರಡು ಗಂಟೆಯ ನಂತರ ಪೆನ್‌ಡ್ರೈವ್ ಹಿಡಿದು ಬಂದವನು ರೆಕಾರ್ಡರ್ ನೋಡಿ ಬೆವರಿದ. "ಸಾರ್, ಐದು ಗಂಟೆದು ಹೋಗ್ಬಿಟ್ಟಿದೆ. ಇರೋದು ಆರರಿಂದ."

ಟೈಲರನ ಮುಖ ಅರಳಿತು. ಮೇಷ್ಟ್ರ ಮುಖ ಕೆಂಡವಾಯಿತು. "ಹಾಕಯ್ಯಾ! ಆರಕ್ಕೂ ಏನಾದ್ರೂ ಮಾಡಿರ್ತಾನೆ, ಹಾಕು!"

ಹಾಕಿದ. ಟಿವಿಯಲ್ಲಿ ಗೇಟು ತೆರೆಯಿತು. ಬನಿಯನ್ ತೊಟ್ಟ ಮೇಷ್ಟ್ರು ಆಚೀಚೆ ನೋಡಿ, ರಸ್ತೆ ದಾಟಿ, ಟೈಲರನ ಸ್ಕೂಟರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಎರಡೂ ಚಕ್ರದ ಗಾಳಿ ಬಿಟ್ಟರು. ಕ್ಯಾಮರಾ ಇರುವುದು ಕಳ್ಳರನ್ನು ನೋಡಲಿಕ್ಕೆ ಎಂದೇ ಅವರು ಅಲ್ಲಿಯವರೆಗೂ ನಂಬಿದ್ದರು.

"ಎರಡು ಮೈಲಿ ತಳ್ಕೊಂಡು ಹೋಗಿದ್ದೆ ಕಣ್ರೀ!" ಟೈಲರ್ ಎದ್ದುನಿಂತು ಕಿರುಚಿದ. "ಹೇಗೂ ಪೆನ್‌ಡ್ರೈವ್ ತಂದಿದ್ದೀಯಲ್ಲಪ್ಪ, ಇದನ್ನ ಕಾಪಿ ಮಾಡ್ಕೊಡು."

"ಮೇಷ್ಟ್ರೇ, ಕೈ ಮುಗೀರಿ," ಎಂದರು ಅಜ್ಜಿ.

ಮೇಷ್ಟ್ರು ಅಲ್ಲಿರಲಿಲ್ಲ. ಗೇಟಿಗೆ ಓಡಿಹೋಗಿ, ಕ್ಯಾಮರಾದ ಮುಂದೆ ಎರಡೂ ಕೈ ಬೀಸುತ್ತ ಒಂದೇ ಸಮ ಕುಣಿಯುತ್ತಿದ್ದರು. ಒಳಗೆ ಕೂತವರಿಗೆಲ್ಲ ಅದೂ ಟಿವಿಯಲ್ಲಿ ಚೆನ್ನಾಗಿ ಕಾಣುತ್ತಿತ್ತು.

"ಇದನ್ನೂ ಸೇರಿಸಪ್ಪ," ಎಂದ ಟೈಲರ್.