ಸೈತಾನನ ಉಗುರು

ಅಝ್ದಹಾಕ್ ಬೆಟ್ಟದ ಹೊಟ್ಟೆಯೊಳಗಿನ ಬೆಂಕಿ ಆರಿ ಯಾವ ಕಾಲವಾಯಿತೋ, ಅದನ್ನು ಕಂಡವರು ಯಾರೂ ಉಳಿದಿಲ್ಲ. ಆದರೆ ಅದರದೊಂದು ಕೆಂಡ ಮಾತ್ರ ಮೆಲ್ಲಗೆ ಉರುಳಿಕೊಂಡು ಬಂದು ಕೆಳಗಿನ ಊರಿನ ಸಿಸಾಕನ ಹೊಟ್ಟೆ ಸೇರಿತ್ತು. ದಿನಾ ಬೆಳಗ್ಗೆ ಅದಕ್ಕೆ ಗಾಳಿ ಊದುತ್ತಿದ್ದದ್ದು ನೆರೆಮನೆಯ ಗುರ್ಗೆನ್‌ನ ಸೈಕಲ್ ಗಂಟೆ.

“ಟ್ರಿಣ್ ಟ್ರಿಣ್! ಇನ್ನೂ ಎದ್ದಿಲ್ವೇನೋ ಸಿಸಾಕ್ ಜಾನ್?” ಎಂದು ಪ್ರೀತಿಯ ‘ಜಾನ್’ ಹಚ್ಚಿ ಕೂಗುತ್ತಿದ್ದ.

ಮೇಕೆಯ ಬೆನ್ನ ಮೇಲೆ ಕುಂಬಳಕಾಯಿ ಕೂರಿಸಿದ ಹಾಗೆ ಗುರ್ಗೆನ್ ಆ ಕೆಂಪು ಸೈಕಲ್ ಮೇಲೆ ಕೂತು ರೊಟ್ಟಿ ತರಲು ಹೊರಡುತ್ತಿದ್ದ. ಹೋದ ವರ್ಷ ಅವನ ಮನೆಯಲ್ಲಿ ಇಳಿದುಕೊಂಡಿದ್ದ ಅತಿಥಿಗಳು ಪ್ರೀತಿಯಿಂದ ಬಿಟ್ಟುಹೋದ ಸೈಕಲ್ಲದು. ಬೆಟ್ಟ ಇಳಿಯಲೆಂದೇ ಮಾಡಿದ ಅದರ ದಪ್ಪ ಚಕ್ರಗಳು ಈಗ ರೊಟ್ಟಿ ಅಂಗಡಿಯವರೆಗೆ ಉರುಳುತ್ತಿದ್ದವು.

ಬೇಸಿಗೆ ಬಂತೆಂದರೆ ಎಲ್ಲೆಲ್ಲಿಂದಲೋ ಸೈಕಲ್ ಸವಾರರು ಬರುತ್ತಾರೆ. ಶಿಖರದ ಬಾಯಲ್ಲಿರುವ ಕೊಳ ನೋಡಿ, ಕೆಂಪು ಬೂದಿಯ ಇಳಿಜಾರಿನಲ್ಲಿ ಜಾರಿ, ಕರಿಬಂಡೆಗಳ ನಡುವೆ ನುಸುಳಿ, ಸಿಸಾಕನ ಗೇಟಿನ ಮುಂದೆಯೇ ಊರಿಗೆ ಇಳಿಯುತ್ತಾರೆ. ಆದರೆ ಅಲ್ಲಿ ದಾರಿ ಕಡಿದಾದದ್ದು, ಚಕ್ರ ನಿಲ್ಲುವುದಿಲ್ಲ. ಸಿಸಾಕ್ “ಬನ್ನಿ” ಎನ್ನಲು ಬಾಯಿ ತೆರೆದರೆ ಬಾಯಿಗೆ ಬೀಳುವುದು ಧೂಳು ಮಾತ್ರ. ಇಳಿಜಾರು ಮುಗಿದು ಚಕ್ರ ತಾನಾಗಿ ನಿಲ್ಲುವುದು ಸರಿಯಾಗಿ ಗುರ್ಗೆನ್‌ನ ಗೇಟಿನೆದುರು. ನೀರು ಕುಡಿಯಲು ಒಳಹೋದವರು ಊಟಕ್ಕೆ ಕೂರುತ್ತಾರೆ, ಊಟಕ್ಕೆ ಕೂತವರು ಹಾಸಿಗೆ ಬಿಚ್ಚುತ್ತಾರೆ.

“ದೇವರು ಇಳಿಜಾರು ಮಾಡುವಾಗ್ಲೂ ಗುರ್ಗೆನ್‌ನ ಕೇಳೇ ಮಾಡಿದಾನೆ,” ಎಂದು ಸಿಸಾಕ್ ಹಲ್ಲು ಕಡಿಯುತ್ತಿದ್ದ. ಅತಿಥಿ ಕಾಲಿಡದ ಮನೆಯ ಯಜಮಾನನಿಗೆ ಆ ಊರಿನ ಔತಣಗಳಲ್ಲಿ ಸಿಗುತ್ತಿದ್ದದ್ದು ಬಾಗಿಲ ಪಕ್ಕದ, ಚಳಿಗಾಳಿ ಬೀಸುವ ಜಾಗ. ಮೇಜಿನ ತಲೆಯಲ್ಲಿ ಗುರ್ಗೆನ್ ಕೂತು, “ನಮ್ಮ ಜರ್ಮನಿಯ ಹುಡುಗ ಫೋನ್ ಮಾಡಿದ್ದ,” ಎಂದು ಶುರುಮಾಡುತ್ತಿದ್ದ.

ಇವತ್ತು ಅದಕ್ಕೊಂದು ಕೊನೆ ಹಾಡಬೇಕಿತ್ತು. ಬೆಟ್ಟದ ಸೈಕಲ್ ದಾರಿಗಳನ್ನೆಲ್ಲ ಹುಡುಕಿ ಗುರುತು ಮಾಡಿದ ಹೆರ್ಮಿನೆ ಈ ವರ್ಷದ ಮೊದಲ ತಂಡದೊಂದಿಗೆ ಇಳಿದು ಬರುವವಳಿದ್ದಳು. ಅವಳು ಇಂದು ಯಾರ ಮನೆಯಲ್ಲಿ ಇಳಿದುಕೊಳ್ಳುತ್ತಾಳೋ, ಬೇಸಿಗೆ ಮುಗಿಯುವ ತನಕ ಬರುವ ತಂಡಗಳೆಲ್ಲ ಅದೇ ಮನೆಗೆ.

ಸಿಸಾಕ್ ಕೋಣೆಗಳಿಗೆ ಸುಣ್ಣ ಹೊಡೆದಿದ್ದ. ಕುರಿ ಕಡಿದಿದ್ದ. ‘ಸಿಸಾಕನ ಅತಿಥಿ ಮನೆ’ ಎಂದು ಆಳೆತ್ತರದ ನಾಮಫಲಕ ಮಾಡಿಸಿದ್ದ. ಬಡಗಿಗೆ ಮರ ಸಾಲದೆ ಹಲಗೆ ಮೇಲೆ ಅಗಲ, ಕೆಳಗೆ ಕಿರಿದಾಗಿತ್ತು. ಅತಿಥಿಗಳ ಕೈಯಲ್ಲೇ ಅನಾವರಣ ಮಾಡಿಸೋಣವೆಂದು ಅದಕ್ಕೆ ಅಮ್ಮನ ಪೆಟ್ಟಿಗೆಯ ಕಡುಗೆಂಪು ಮಖಮಲ್ ಸುತ್ತಿ ಗೇಟಿನ ಪಕ್ಕ ಒರಗಿಸಿ ನಿಲ್ಲಿಸಿದ.

ಅವನ ಅಮ್ಮ ನುನುಫಾರ್ ಅಜ್ಜಿ ಜಗಲಿಯಿಂದಲೇ ಕೂಗಿದಳು: “ಲೋ, ಅದನ್ನ ಮಲಗ್ಸೋ. ಗೇಟಿನ ಹತ್ರ ಹಂಗೆ ನಿಲ್ಲಿಸ್ಬಾರ್ದು.”

“ಮಲಗ್ಸಿದ್ರೆ ಜನ ಓದೋದು ಹೆಂಗಮ್ಮಾ, ಪಕ್ಕದಲ್ಲಿ ತಾವೂ ಮಲಗ್ಕೊಂಡಾ?”

“ನಿಮ್ಮಪ್ಪ ಹೋದಾಗ...” ಎಂದು ಅಜ್ಜಿ ಏನೋ ಹೇಳಹೊರಟಳು. ಕೇಳಲು ಸಿಸಾಕ್ ಅಲ್ಲಿರಲಿಲ್ಲ. ಬುಟ್ಟಿ ಹಿಡಿದು ದಾರಿಗೆ ಹೋಗಿದ್ದ.

ಬುಟ್ಟಿಯಲ್ಲಿದ್ದದ್ದು ಬೆಟ್ಟದ ಕರಿಗಾಜಿನ ಕಲ್ಲಿನ ಚೂರುಗಳು. ಊರವರು ಅದನ್ನು ಸೈತಾನನ ಉಗುರು ಎನ್ನುತ್ತಾರೆ. ಶಿಖರದ ಮೇಲೆ ಕೂತು ಸೈತಾನ ಕತ್ತರಿಸಿ ಎಸೆದ ಉಗುರದು, ಹೆಕ್ಕಿದವನ ಮನೆಗೆ ಅದರ ಒಡೆಯ ತಾನಾಗಿ ಬರುತ್ತಾನೆ ಎಂದು ನುನುಫಾರ್ ಅಜ್ಜಿ ಚಿಕ್ಕಂದಿನಲ್ಲಿ ಕತೆ ಹೇಳಿ ಅವನನ್ನು ಮಲಗಿಸುತ್ತಿದ್ದಳು. ಗೇಟಿನಿಂದ ತುಸು ಮೇಲೆ, ದಾರಿಯುದ್ದಕ್ಕೂ ಸಿಸಾಕ್ ಕೋಳಿಗೆ ಕಾಳು ಚೆಲ್ಲಿದಂತೆ ಚೂರು ಚೆಲ್ಲಿ, ಮೇಲೆ ಕೆಂಪು ಬೂದಿ ಉದುರಿಸಿದ. ಟೈರು ಢಬ್ ಎನ್ನಬೇಕು, ಸವಾರರು ತನ್ನ ಗೇಟಿನೆದುರೇ ನಿಲ್ಲಬೇಕು, ತಾನು ‘ಅಯ್ಯೋ ಪಾಪ, ಒಳಗೆ ಬನ್ನಿ’ ಎನ್ನಬೇಕು.

ಢಬ್ ಎಂದಿತು. ಆದರೆ ಅದು ಕೆಳಗಿನಿಂದ ಹತ್ತಿ ಬಂದು ಗೇಟು ದಾಟಿದ ಮಿನಿಬಸ್ಸಿನ ಟೈರು. ಮೇಲಿನ ಹಳ್ಳಿಯಲ್ಲಿ ಮಗುವಿನ ನಾಮಕರಣಕ್ಕೆ ಹೊರಟಿದ್ದ ಪಾದ್ರಿ ಜವೆನ್ ಕಪ್ಪು ನಿಲುವಂಗಿಯಲ್ಲಿ ಇಳಿದರು. ಹಿಂದೆಯೇ ಕಪ್ಪು ಸೂಟಿನ ವಾದ್ಯದವರು, ಕಪ್ಪು ಸೂಟಿನ ನೆಂಟರು. ಬಸ್ಸಿನಲ್ಲಿದ್ದ ಇನ್ನೊಂದು ಚಕ್ರ ಹಾಕಿ ಮುಂದೆ ಹೋದರೆ ಅದೂ ಢಬ್.

“ಒಳಗೆ ಬನ್ನಿ ಪಾದ್ರಿಗಳೇ,” ಎಂದ ಸಿಸಾಕ್, ಒಳಗೊಳಗೇ ಅವರನ್ನು ಶಪಿಸುತ್ತ.

“ಬೇಡಪ್ಪ. ಪಂಕ್ಚರ್ ಹಾಕಿದ ಕೂಡ್ಲೇ ಹೊರಡ್ತೀವಿ. ಇಲ್ಲೇ ನಿಂತಿರ್ತೀವಿ.”

ನಿಂತರು. ಗೇಟಿನ ಎರಡೂ ಕಡೆ, ಸಾಲಾಗಿ, ಕೈಕಟ್ಟಿಕೊಂಡು. ಮೇಲಿನ ಹಳ್ಳಿಯಲ್ಲಿ ಆರುತ್ತಿರುವ ಊಟ ನೆನೆದು ಎಲ್ಲರ ಮುಖವೂ ಜೋತುಬಿದ್ದಿತ್ತು. ಬೇಸರ ಕಳೆಯಲೆಂದು ವಾದ್ಯದವರಲ್ಲೊಬ್ಬನಾದ ಮುದುಕ ಮುಕುಚ್ ತನ್ನ ದುದುಕ್ ಕೊಳಲು ತೆಗೆದು ಊದತೊಡಗಿದ. ಅವನು ಊದಿದ್ದು ತೊಟ್ಟಿಲ ಹಾಡೇ. ಆದರೆ ಆ ಕೊಳಲಿಗೆ ನಗಲು ಬರುವುದಿಲ್ಲ. ಮದುವೆಯ ಹಾಡು ಊದಿದರೂ ಅದು ಅಳುತ್ತದೆ.

ಅಷ್ಟರಲ್ಲಿ ಹಿತ್ತಲಲ್ಲಿ ಕೆಂಡದ ಮೇಲಿಟ್ಟ ಮಾಂಸ ಸೀದ ವಾಸನೆ ಬಂತು. ಸಿಸಾಕ್ ಓಡಿದ. ಕಂಬಿ ತಿರುಗಿಸುವಾಗ ಹೊಗೆ ಕಣ್ಣಿಗೆ ಹೊಕ್ಕು ನೀರು ಧಾರೆಯಾಗಿ ಸುರಿಯಿತು. ಅವನ ಹೆಂಡತಿ ಶುಶಾನ್ ಈರುಳ್ಳಿ ಹೆಚ್ಚುತ್ತ ಆಗಲೇ ಅಳುತ್ತಿದ್ದಳು.

“ಬಂದ್ರು, ಬಂದ್ರು!” ಎಂದು ಜಗಲಿಯಿಂದ ಅಜ್ಜಿ ಕೂಗಿದಳು.

ಗಂಡಹೆಂಡತಿ ಇಬ್ಬರೂ ಮೂಗು ಒರೆಸಿಕೊಳ್ಳುತ್ತ ಗೇಟಿಗೆ ಓಡಿದರು. ಮೇಲಿನ ತಿರುವಿನಲ್ಲಿ ಹೆರ್ಮಿನೆ ಕೈಯೆತ್ತಿ ತಂಡವನ್ನು ನಿಲ್ಲಿಸಿದ್ದಳು. ಏನೋ ಪಿಸುಗುಟ್ಟಿದಳು. ಸವಾರರೆಲ್ಲ ಇಳಿದು ಹೆಲ್ಮೆಟ್ ತೆಗೆದರು. ಸದ್ದಾಗಬಾರದೆಂದು ಸೈಕಲ್‌ಗಳನ್ನು ಹೆಗಲಿಗೇರಿಸಿಕೊಂಡು, ತಲೆ ತಗ್ಗಿಸಿ, ಸೈತಾನನ ಉಗುರುಗಳ ಮೇಲೆ ನಿಧಾನವಾಗಿ ನಡೆದು ಬಂದರು. ಗೇಟಿನ ಬಳಿ ಹೆರ್ಮಿನೆ ಮಖಮಲ್ಲಿನ ಬುಡಕ್ಕೆ ಬೆಟ್ಟದ ಹೂಗಳನ್ನಿಟ್ಟು, ಎದೆಗೆ ಕೈಯೊತ್ತಿ ಸಿಸಾಕನಿಗೆ ತಲೆಬಾಗಿದಳು. ಒಬ್ಬೊಬ್ಬರಾಗಿ ಎಲ್ಲರೂ ಬಾಗಿದರು.

ಹುಟ್ಟಿದಾರಭ್ಯ ಸಿಸಾಕನಿಗೆ ಇಂಥ ಮರ್ಯಾದೆ ಸಿಕ್ಕಿರಲಿಲ್ಲ. ಅವನೂ ಎದೆಗೆ ಕೈಯೊತ್ತಿ ಬಾಗಿದ. ತಲೆಯೆತ್ತುವ ಹೊತ್ತಿಗೆ ಅವರು ಗೇಟು ದಾಟಿ, ಒಂದೂ ಟೈರು ಉಸ್ಸೆನ್ನದೆ, ಗುರ್ಗೆನ್‌ನ ಮನೆಯತ್ತ ಇಳಿಯುತ್ತಿದ್ದರು.

“ಇದೇನೇ ಇದು?” ಎಂದ ಸಿಸಾಕ್.

“ನನ್ನ ಕೇಳಿದ್ರೆ? ಹೂವಿಟ್ಟು ಹೋದ್ರು. ಅವರೂರಲ್ಲಿ ನಾಮಫಲಕಕ್ಕೆ ಪೂಜೆ ಮಾಡ್ತಾರೇನೋ,” ಎಂದಳು ಶುಶಾನ್.

ಸ್ವಲ್ಪ ಹೊತ್ತಿಗೆ “ಟ್ರಿಣ್” ಎಂದು ಒಂದೇ ಒಂದು ಸಲ, ಅದೂ ಮೆತ್ತಗೆ, ಗಂಟೆ ಕೇಳಿಸಿತು. ಗುರ್ಗೆನ್ ಮದುವೆಯ ಕಾಲದ ಕಪ್ಪು ಕೋಟಿನಲ್ಲಿ ಏದುಸಿರು ಬಿಡುತ್ತ ತುಳಿದು ಬಂದ. ಗೇಟಿನೆದುರು ಜನ ತುಂಬಿದ್ದರಿಂದ ಸೈಕಲ್ ಗೇಟು ದಾಟಿ ತುಸು ಮೇಲಕ್ಕೆ ಹೋಯಿತು. ಉಸ್ಸ್ ಎಂದಿತು. ಅವನು ಅದನ್ನು ಅಲ್ಲೇ ಬಿಸಾಕಿ ಓಡಿಬಂದು ಸಿಸಾಕನನ್ನು ಅಪ್ಪಿಕೊಂಡ.

“ಅಯ್ಯೋ ಸಿಸಾಕ್ ಜಾನ್, ನಿನ್ನ ನೋವು ನನಗಿರ್ಲಿ! ನುನುಫಾರ್ ಅಮ್ಮ ನೆನ್ನೆ ಕೂಡ ಎಷ್ಟು ಗಟ್ಟಿಯಾಗಿದ್ಲು!”

“ಇವತ್ತೂ ಗಟ್ಟಿಯಾಗೇ ಇದೀನಿ ಕಣೋ ಮುಂಡೇದೇ!” ಎಂದು ಜಗಲಿಯಿಂದ ದನಿ ಬಂತು.

ಗುರ್ಗೆನ್ ಬೆಚ್ಚಿ ಬಿಡಿಸಿಕೊಂಡ. “ಮತ್ತೆ ಸತ್ತದ್ದು ಯಾರು? ಗೇಟಿನ ಹತ್ರ ಶವಪೆಟ್ಟಿಗೆಯ ಮುಚ್ಚಳ ನಿಲ್ಸಿದೀರಿ! ಪಾದ್ರಿ ಇದಾರೆ, ದುದುಕ್ ಇದೆ, ಶುಶಾನ್ ಅಳ್ತಿದಾಳೆ...”

“ನಾನು ಬಡ್ಕೊಂಡೆ,” ಎಂದಳು ಅಜ್ಜಿ. “ನಿಮ್ಮಪ್ಪ ಹೋದಾಗ ಮುಚ್ಚಳ ಅಲ್ಲೇ, ಹಂಗೇ ನಿಂತಿತ್ತು.”

ಮಖಮಲ್ ಕಿತ್ತೆಸೆದು ನಿಜ ಹೇಳಿಬಿಡಲು ಸಿಸಾಕ್ ಬಾಯಿ ತೆರೆದ. ಅಷ್ಟರಲ್ಲಿ ಪಾದ್ರಿ ಜವೆನ್ ಮುಂದೆ ಬಂದರು. ಅವರ ಅಂಗೈಯಲ್ಲಿ ಬಸ್ಸಿನ ಟೈರಿನಿಂದ ಕಿತ್ತ ಕರಿಗಾಜಿನ ಚೂರು ಮಿಂಚುತ್ತಿತ್ತು.

“ಸಾವು ಆಗಿಲ್ಲ ಅಂದ್ರೆ ಮೊದಲು ಇದಕ್ಕೆ ಉತ್ತರ ಹೇಳಪ್ಪ. ನಿನ್ನ ಗೇಟಿನ ಮುಂದೆ ಮಾತ್ರ ಇದನ್ನ ಬಿತ್ತಿದವರು ಯಾರು?”

ಕಪ್ಪು ಸೂಟುಗಳೆಲ್ಲ ಒಂದು ಹೆಜ್ಜೆ ಹತ್ತಿರ ಬಂದವು.

“ಚಿಕ್ಕಮ್ಮ!” ಎಂದುಬಿಟ್ಟ ಸಿಸಾಕ್. “ಕಾಪಾನ್ ಊರಿನ ಚಿಕ್ಕಮ್ಮ ಹೋಗ್ಬಿಟ್ಲು ಪಾದ್ರಿಗಳೇ. ಈಗಷ್ಟೇ ಸುದ್ದಿ ಬಂತು.”

“ಯಾವ ಚಿಕ್ಕಮ್ಮನೋ? ನನಗೆ ತಂಗೀನೇ ಇಲ್ವಲ್ಲೋ!” ಎಂದ ಅಜ್ಜಿಯ ಬಾಯಿಗೆ ಶುಶಾನ್ ಓಡಿಹೋಗಿ ಒಂದು ತುಂಡು ಗಾತಾ ಸಿಹಿರೊಟ್ಟಿ ತುರುಕಿದಳು.

ಪಾದ್ರಿ ಚೂರನ್ನು ಜೇಬಿಗಿಳಿಸಿ ಶಿಲುಬೆ ಗುರುತು ಮಾಡಿದರು. ಗುರ್ಗೆನ್ ತಲೆಯಾಡಿಸಿದ.

“ವಿಧಿ ನೋಡು. ನನ್ನ ಹೆಂಡತಿ ಮಗಳ ಬಾಣಂತನಕ್ಕೆ ಹೊರಟಿದಾಳೆ. ಬೆಳಗ್ಗೆ ತಾನೇ ಹೆರ್ಮಿನೆಗೆ ಫೋನಲ್ಲಿ ಹೇಳಿದ್ದೆ, ಈ ಬೇಸಿಗೆ ನಮ್ಮ ಸಿಸಾಕ್ ಮನೇಲಿ ಇಳ್ಕೊಳ್ಳಮ್ಮ, ಬಂಗಾರದಂಥ ಮನುಷ್ಯ ಅಂತ. ಅವರು ನಿನ್ನ ಗೇಟಿಗೇ ಬರ್ತಿದ್ರು ಕಣೋ! ಈಗ ಸೂತಕದ ಮನೆ, ನಲವತ್ತು ದಿನ ಯಾರು ಕಾಲಿಡ್ತಾರೆ? ಬೇರೆ ತಂಡಗಳಿಗೂ ನಮ್ಮನೆಗೇ ಬನ್ನಿ ಅಂತ ಹೆರ್ಮಿನೆ ಆಗ್ಲೇ ಹೇಳಿಯಾಯ್ತು. ಎಲ್ಲರೂ ನನ್ನ ತಲೆಮೇಲೇ.”

ಸಿಸಾಕ್ ಗೇಟನ್ನು ಹಿಡಿದುಕೊಂಡ. ಈ ಸಲದ ಕಣ್ಣೀರಿಗೆ ಹೊಗೆ ಬೇಕಾಗಲಿಲ್ಲ.

ಗುರ್ಗೆನ್ ಅವನ ಬೆನ್ನು ಸವರುತ್ತ ಗಾಳಿ ಮೂಸಿದ. “ಮನೆ ತುಂಬ ಜನ, ನನ್ನ ಒಲೆಯಲ್ಲಿ ಬೂದಿ ಕೂಡ ಇಲ್ಲ. ನಿಮ್ಮ ಹಿತ್ತಲಲ್ಲಿ ಮಾಂಸ ಬೇಯ್ತಾ ಇದೆ ಅಲ್ವಾ? ದುಃಖದಲ್ಲಿ ನಿಮಗೆಲ್ಲಿ ಸೇರುತ್ತೆ? ನಾನೇ ಹೊರ್ತಿದ್ದೆ, ಆದ್ರೆ ನೋಡು, ಈ ಹಾಳು ಸೈಕಲ್ ತಳ್ಕೊಂಡು ಹೋಗ್ಬೇಕು.”

ಹೀಗೆ ಸಿಸಾಕ್ ತನ್ನ ಕುರಿಯನ್ನು ತಾನೇ ತಲೆಯ ಮೇಲೆ ಹೊತ್ತು ಗುರ್ಗೆನ್‌ನ ಮನೆಗೆ ಇಳಿದ. ಅವನನ್ನು ಕಂಡದ್ದೇ ಎಲ್ಲರೂ ಎದ್ದು ನಿಂತು, ಎಳೆದೊಯ್ದು ಮೇಜಿನ ತಲೆಯಲ್ಲೇ ಕೂರಿಸಿದರು. ಹೆರ್ಮಿನೆ ಲೋಟವೆತ್ತಿದಳು.

“ಹೋದವರ ಆತ್ಮಕ್ಕೆ ಶಾಂತಿ ಸಿಗ್ಲಿ.”

ಸತ್ತವರ ಹೆಸರಿನಲ್ಲಿ ಕುಡಿಯುವಾಗ ಲೋಟಕ್ಕೆ ಲೋಟ ತಾಕಿಸುವುದಿಲ್ಲ. ಸದ್ದಿಲ್ಲದೆ ಎಲ್ಲರೂ ಕುಡಿದರು. ಸಿಸಾಕನೂ ಎದ್ದು, ಸುಣ್ಣ ಹೊಡೆದ ತನ್ನ ಕೋಣೆಗಳನ್ನು ನೆನೆದು, ಕಣ್ಣು ಮುಚ್ಚಿ ಗಟಗಟನೆ ಕುಡಿದ.