ಕರಿಬೇವಿನ ಕುಂಡವೂ ಬಿಜೆರ್ಟ್ ಪ್ರವಾಸವೂ

ಏಳು ಸಮುದ್ರದಾಚೆಯ ಗಿಳಿಯೊಳಗೆ ಪ್ರಾಣವಿಟ್ಟ ರಾಕ್ಷಸನ ಹಾಗೆ, ಸುಂಡ್‌ಬೀಬರ್ಯ್ ಎಂಬ ಊರಿನ ಬಾಡಿಗೆ ಫ್ಲಾಟಿನ ಮಹಾಬಲೇಶ್ವರ ತನ್ನ ಪ್ರಾಣವನ್ನು ಒಂದು ಕರಿಬೇವಿನ ಕುಂಡದಲ್ಲಿಟ್ಟಿದ್ದ. ಸ್ವೀಡನ್ನಿನ ಮೂರು ಚಳಿಗಾಲ ಲೈಟು ಹಾಕಿ, ಕಂಬಳಿ ಸುತ್ತಿ, ಕೂಸಿನಂತೆ ಸಾಕಿದ ಗಿಡ. ಹತ್ತು ದಿನ ನೀರಿಲ್ಲದಿದ್ದರೆ ಗೋವಿಂದ. ಎಡವಟ್ಟು ಶುರುವಾದದ್ದೇ ಅಲ್ಲಿಂದ.

ಭಾನುವಾರ ಬೆಳಗಿನ ವಿಮಾನಕ್ಕೆ ಅವನು ಟುನೀಶಿಯಾದ ಬಿಜೆರ್ಟ್ ಎಂಬ ಊರಿಗೆ ಹೊರಟಿದ್ದ. ಒಬ್ಬನೇ, ಗುಟ್ಟಾಗಿ. ಆ ಊರನ್ನು ಆರಿಸಲು ಕಾರಣ ಒಂದೇ: ಬಿಲ್ಡಿಂಗಿನ ಯಾವ ಕನ್ನಡಿಗನೂ ಅದರ ಹೆಸರು ಕೇಳಿರಲಿಲ್ಲ. ಹೋದ ವರ್ಷ ಮೂರನೇ ಮಹಡಿಯ ಬಸವರಾಜರ ಮುಂದಾಳತ್ವದಲ್ಲಿ ಹದಿನಾಲ್ಕು ಜನ ಡೆನ್ಮಾರ್ಕಿಗೆ ಹೋದಾಗ ಅವನು ಕಂಡದ್ದು ಕುಕ್ಕರಿನ ಹಬೆ, ಕೇಳಿದ್ದು ಅಂತ್ಯಾಕ್ಷರಿ. ಈ ಸಲ ಅವನಿಗೆ ಬೇಕಾಗಿದ್ದದ್ದು ಹತ್ತು ದಿನದ ಮೌನ, ಅಷ್ಟೇ.

ಶನಿವಾರ ಬೆಳಿಗ್ಗೆ ಕುಂಡ ಎತ್ತಿಕೊಂಡು ಬಸವರಾಜರ ಹೆಂಡತಿ ಗೀತಾಳ ಬಾಗಿಲು ತಟ್ಟಿದ.

"ಗೀತಕ್ಕ, ಹತ್ತು ದಿನ ಇದಕ್ಕೆ ನೀರು ಹಾಕ್ತೀರಾ? ಕಾರ್ಲ್‌ಸ್ಟಾಡ್‌ನಲ್ಲಿ ಆಫೀಸ್ ಕೆಲಸ ಬಂದ್ಬಿಟ್ಟಿದೆ."

"ಜುಲೈನಲ್ಲಾ?" ಗೀತಾ ಸೌಟು ಹಿಡಿದೇ ನಕ್ಕಳು. "ಇಡೀ ದೇಶವೇ ಬೀಗ ಹಾಕ್ಕೊಂಡು ರಜಕ್ಕೆ ಹೋಗಿದೆ, ನಿಮ್ಮೊಬ್ರಿಗೇ ಆಫೀಸಾ? ನಿಜ ಹೇಳಿ."

ಅಷ್ಟರಲ್ಲಿ ಸೋಫಾದಿಂದ ಅವಳ ಮಾವ ಲಿಂಗರಾಜರು ಕೈ ಬೀಸಿದರು. ಬೇಸಿಗೆ ಕಳೆಯಲು ಬಂದಿದ್ದ ಅವರು ನಿವೃತ್ತ ಬಸ್ ಕಂಡಕ್ಟರು. ಹುಬ್ಬಳ್ಳಿಯಿಂದ ಬೆಂಗಳೂರಿನ ತನಕ ಒಂದೊಂದು ಸ್ಟಾಪಿಗೂ ಅವರ ಹತ್ತಿರ ಒಂದೊಂದು ಕತೆಯಿತ್ತು.

"ತಮ್ಮಾ, ಬಾ ಕೂಡು. ಒಮ್ಮೆ ರಾಣೆಬೆನ್ನೂರಿನ್ಯಾಗ ಏನಾತಂದ್ರ..."

ನಿಜ ಹೇಳದೆ ಗೀತಾ ಬಿಡುವುದಿಲ್ಲ, ಕೂತರೆ ಸಂಜೆವರೆಗೂ ಕತೆ ಬಿಡುವುದಿಲ್ಲ ಎಂದು ಮಹಾಬಲೇಶ್ವರನಿಗೆ ಗೊತ್ತಿತ್ತು. "ಬಿಜೆರ್ಟ್! ಆಫ್ರಿಕಾ! ಒಬ್ನೇ ಹೋಗ್ತಿದ್ದೀನಿ!" ಎಂದು ಒದರಿ, ಕುಂಡವನ್ನು ಅಲ್ಲೇ ಬಿಟ್ಟು ಓಟ ಕಿತ್ತ.

ನೆಲಮಾಳಿಗೆಯ ಲಾಂಡ್ರಿ ಕೋಣೆಯಲ್ಲಿ ಅವನ ಸರದಿ ಹನ್ನೊಂದಕ್ಕಿತ್ತು. ಅವನಿಗಿಂತ ಮೊದಲೇ ಸುದ್ದಿ ಇಳಿದಿತ್ತು. ಮೆಷಿನ್ನಿಗೆ ಒರಗಿ ಬಸವರಾಜರು ನಿಂತಿದ್ದರು.

"ಏನಪ್ಪಾ, ಹುಡುಗಿ ಹೆಸರೇನು?"

"ಯಾವ ಹುಡುಗಿ ಸಾರ್?"

"ಯಾರೂ ಹೋಗದ ಊರಿಗೆ ಮದುವೆಯಾಗದ ಗಂಡಸು ಒಬ್ನೇ ಯಾಕೆ ಹೋಗ್ತಾನೆ? ನಿಮ್ಮಮ್ಮನಿಗೇ ಫೋನ್ ಮಾಡಿ ಕೇಳ್ತೀನಿ ಅಂತಿದ್ಲು ಗೀತಾ."

ಮಹಾಬಲೇಶ್ವರನ ಕೈಯಲ್ಲಿದ್ದ ಕೊಳೆ ಲುಂಗಿ ಜಾರಿ ಬಿತ್ತು.

ಮೂರು ಗಂಟೆಗೆ ಫೀಕಾ ಎಂಬ ಸ್ವೀಡಿಷ್ ಕಾಫಿಕೂಟದ ನೆಪದಲ್ಲಿ ನಾಲ್ಕು ಸಂಸಾರಗಳು ಅವನ ಮನೆಯಲ್ಲಿದ್ದವು. ಒಂದು ಕೈಯಲ್ಲಿ ದಾಲ್ಚಿನ್ನಿ ಬನ್ನು, ಇನ್ನೊಂದರಲ್ಲಿ ಚಕ್ಕುಲಿ. ಮಾನ ಉಳಿಸಿಕೊಳ್ಳಲು ಅವನು ಲ್ಯಾಪ್‌ಟಾಪ್ ತೆರೆದ.

"ನೋಡಿ, ಹುಡುಗಿ ಗಿಡುಗಿ ಏನಿಲ್ಲ. ಇದು ಹಳೇ ಬಂದರು. ಇವು ಮೀನಿನ ದೋಣಿಗಳು. ಇದು ಕೋಟೆ, ಗೋಡೆ ನೀರಿಗೇ ಇಳಿದಿದೆ." ಹೇಳುತ್ತ ಹೇಳುತ್ತ ಅವನಿಗೆ ಮೈಮೇಲೆ ಬಂದಂತಾಯಿತು. "ಇದು ಊರಾಚೆಯ ಭೂಶಿರ, ಆಫ್ರಿಕಾದ ಉತ್ತರದ ತುತ್ತತುದಿ. ಇಲ್ಲಿ ನಿಂತ್ರೆ ಬೆನ್ನಿಗೆ ಇಡೀ ಖಂಡ, ಎದುರಿಗೆ ಬರೀ ಸಮುದ್ರ."

ಬಸವರಾಜರು ಕನ್ನಡಕ ತೆಗೆದು ಒರೆಸಿಕೊಂಡರು.

"ಗೀತಾ, ಕುಕ್ಕರ್ ಯಾವ್ದು ತಗೊಳ್ಳೋಣ? ಐದು ಲೀಟರಿಂದಾ, ಏಳಾ?"

ಅರ್ಧ ಗಂಟೆಯಲ್ಲಿ ಅದೇ ವಿಮಾನದಲ್ಲಿ ಹನ್ನೆರಡು ಸೀಟು ಬುಕ್ಕಾದವು.

ಮಹಾಬಲೇಶ್ವರ ತಡವಾಗಿ ಲ್ಯಾಪ್‌ಟಾಪ್ ಮುಚ್ಚಿದ. ಆದರೆ ಮರುಗಳಿಗೆಯೇ ತಲೆಯಲ್ಲಿ ಮಿಂಚು ಹೊಡೆಯಿತು. ಇವರೆಲ್ಲ ಹೋದರೆ ಬಿಲ್ಡಿಂಗೇ ಖಾಲಿ! ಬೇಕಿದ್ದ ಮೌನ ಇಲ್ಲೇ, ಮನೆ ಬಾಗಿಲಿಗೇ ಬಂದಹಾಗೆ. ತಟ್ಟನೆ ಹೊಟ್ಟೆ ಹಿಡಿದುಕೊಂಡ.

"ಅಯ್ಯೋ, ಬೆಳಿಗ್ಗೆಯಿಂದ್ಲೂ ನಂಗೆ ಯಾಕೋ ಸರಿಯಿಲ್ಲ. ನೀವೆಲ್ಲ ಹೋಗ್ಬನ್ನಿ. ನಾನು ಮನೇಲೇ ಇರ್ತೀನಿ."

ಎಲ್ಲರೂ ಅಯ್ಯೋ ಪಾಪ ಎಂದು ಹೋದರು. ಅವನು ಬಾಗಿಲು ಹಾಕಿಕೊಂಡು ಒಂದು ಸುತ್ತು ಕುಣಿದ.

ಸಂಜೆ ಏಳಕ್ಕೆ ಬೆಲ್ ಆಯಿತು. ಗೀತಾ ಎರಡು ಕುಂಡ ಹಿಡಿದು ನಿಂತಿದ್ದಳು.

"ನಿಮ್ಮ ಗಿಡ ನಿಮಗೇ. ಜೊತೆಗೆ ನಮ್ಮದೂ ಒಂದಿದೆ, ನೀರು ಹಾಕ್ಬಿಡಿ."

"ಅದಕ್ಕೇನಕ್ಕ, ಕೊಡಿ!" ಎಂದು ಅವನು ಹಿಗ್ಗಿ ಎರಡನ್ನೂ ಎದೆಗವಚಿಕೊಂಡ.

"ಇನ್ನೊಂದು ಸಣ್ಣ ವಿಷ್ಯ. ಡೆನ್ಮಾರ್ಕ್ ಆಗಿದ್ರೆ ಮಾವನವರ್ನೂ ಕರ್ಕೊಂಡು ಹೋಗ್ಬಹುದಿತ್ತು. ಇದು ಆಫ್ರಿಕಾ. ಅವರ್ದು ಒಂದೇ ಸಲ ಒಳಗೆ ಬಿಡೋ ವೀಸಾ, ಯುರೋಪ್ ದಾಟಿದ್ರೆ ವಾಪಸ್ ಬರೋ ಹಾಗಿಲ್ಲ. ಹೇಗೂ ನೀವು ಮನೇಲೇ ಇರ್ತೀರಲ್ಲ..."

ಅವಳ ಹಿಂದಿನಿಂದ ಲಿಂಗರಾಜರು ಚೀಲ ಹಿಡಿದು ಒಳಗೆ ಬಂದರು. ಸೋಫಾದ ನಡುವೆ ಕುಳಿತು, ಪಕ್ಕದ ಜಾಗ ತಟ್ಟಿದರು.

"ತಮ್ಮಾ, ಕುಂಡ ಕೆಳಗಿಡು, ಬಾ ಕೂಡು. ಗಡಿಬಿಡಿ ಏನಿಲ್ಲ, ಹತ್ತು ದಿನ ಐತಿ. ಬಸ್ಸು ಇನ್ನಾ ಹುಬ್ಬಳ್ಳಿ ಸ್ಟ್ಯಾಂಡ್ ಬಿಟ್ಟಿಲ್ಲ."