ಪಿಂಚಣಿಗೆ ಕಣ್ಣು ಮಿಟುಕಿಸಬೇಕು

ನಾರಾಯಣಖೇಡದಾಗ ಹೆಡ್ ಕಾನ್‌ಸ್ಟೇಬಲ್ ಆಗಿ ರಿಟೈರ್ ಆದೆ. ಖಾಕಿ ಬಿಚ್ಚಿ ಗೂಟಕ್ಕ ಹಾಕಿದ್ರೂ ಅದರ ಚಟ ಮೈ ಬಿಡೂದಿಲ್ಲ ನೋಡ್ರಿ. ಅದಕ್ಕ ಇಂಥ ಫಜೀತಿಗಳು ನನಗ ಒಂದರ ಮ್ಯಾಲೊಂದು ನಡೀತಾನ ಇರ್ತಾವ.

ಹೆಚ್ಚಿನ ತಾಸು

ರಿಟೈರ್ ಆಗೂ ವರ್ಷ, ನಮಗೂ ಓವರ್‌ಟೈಮ್ ಕೊಡ್ತಾರಂತ ಠಾಣೆದಾಗ ಗುಲ್ಲೆದ್ದಿತು. ನಮ್ಮ ಮಂದಿಗೆ ಹಬ್ಬಾನ ಆತು! ಹಳೇ ಬಂದೋಬಸ್ತೆಲ್ಲಾ ನೆನಪ ಮಾಡಿ ಮಾಡಿ ಬರ್ಯಾಕ ಕುಂತ್ರು. ಕಲ್ಹೇರ್ ಊರಿನ ಕಾನ್‌ಸ್ಟೇಬಲ್ ಒಬ್ಬ ಒಂದು ದಿನಕ್ಕ ಇಪ್ಪತ್ತಾರು ತಾಸು ಡ್ಯೂಟಿ ಅಂತ ಬರ್ದಿದ್ದ. ಸಾಹೇಬ್ರು, ದಿನಕ್ಕ ಇರೂದ ಇಪ್ಪತ್ನಾಲ್ಕು ತಾಸಲ್ಲೇನೋ ಅಂತ ಕೇಳಿದ್ರು.

"ಹೌದ್ರಿ ಸಾಬ್. ಊಟ ಬಿಟ್ಟು ನಿಂತದ್ದು ಎರಡು ತಾಸು ಬ್ಯಾರೆ."

ಗುಲ್ಲು ಗುಲ್ಲಾಗೇ ಉಳೀತು. ಪಿಂಚಣಿಯಾದ್ರೂ ನೆಟ್ಟಗ ಬರಲಿ ಅಂತ ನಾ ಅದರ ಬೆನ್ನು ಹತ್ತಿದೆ.

ಜೋಡಿ ಫೋಟೊ

ಪಿಂಚಣಿ ಕಾಗದಕ್ಕ ಗಂಡ ಹೆಂಡತಿ ಕೂಡಿ ನಿಂತ ಫೋಟೊ ಬೇಕು. ನನ್ನ ಹೆಂಡತಿ ತಾಂಡೂರಿನ ತವರವರು ಕೊಟ್ಟ ಸೀರಿ ಉಟ್ಟು, ಹೂ ಮುಡಿದು, ಜಹೀರಾಬಾದಿನ ಸ್ಟುಡಿಯೋಕ್ಕ ಬಂದ್ಲು. ನೌಕರಿದಾಗ ನಾ ಫೋಟೊಕ್ಕ ನಿಂತದ್ದೆಲ್ಲಾ ಹಿಡಿದ ಕಳ್ಳರ ಬಾಜೂಕನ. ಕ್ಯಾಮೆರಾ ಎತ್ತಿದ ಕೂಡಲೆ ನನ್ನ ಕೈ ತಾನ ಹೋಗಿ ಅಕಿ ಮಣಿಕಟ್ಟು ಗಟ್ಟಿ ಹಿಡೀತು.

ಪಿಂಚಣಿ ಆಫೀಸಿನ ಕ್ಲಾರ್ಕ ಫೋಟೊ ನೋಡಿದ, ನನ್ನ ನೋಡಿದ. ಅಮ್ಮಾರ ಮ್ಯಾಲ ಯಾವ ಕೇಸ್ ರಿ ಅಂತ ಕೇಳಿದ.

ಅಕಿನ ಹೇಳಿದ್ಲು, "ಮದಿವಿ ಕೇಸ್ ರಿ. ಇನ್ನೂ ಜಾಮೀನು ಸಿಕ್ಕಿಲ್ಲ."

ಜೀವಂತ ಅದಾನೋ ಇಲ್ಲೋ

ಪಿಂಚಣಿ ಏನೋ ಶುರು ಆತು. ಆದ್ರ ವರ್ಷಕ್ಕೊಮ್ಮೆ ಜೀವಂತ ಅದೀನಂತ ತೋರಿಸಬೇಕು, ಇಲ್ಲಾಂದ್ರ ಬಂದ್. ಮೊಬೈಲಿನ ಮುಂದ ನಿಂತು ಕಣ್ಣು ಮಿಟುಕಿಸಿದ್ರ ಸಾಕು. ನಾ ಇವತ್ತು ನಾಳೆ ಅಂತ ಕಡೀ ದಿನಕ್ಕ ಹೆಂಡತಿನ ಕರಕೊಂಡು ಆಫೀಸಿಗೆ ಹೋದೆ.

ಕ್ಲಾರ್ಕ ಮೊಬೈಲ್ ಎತ್ತಿದ. ನಾ ಹಿಮ್ಮಡ ಕೂಡಿಸಿ, ಎದಿ ಉಬ್ಬಿಸಿ, ಪರೇಡಿನ್ಯಾಗ 'ಸಾವಧಾನ್' ಅಂದಾಗ ನಿಲ್ಲೂವಂಗ ಸೆಟದು ನಿಂತೆ. ಟ್ರೇನಿಂಗಿನ್ಯಾಗ ಹಂಗ ನಿಂತವ ಕಣ್ಣು ಮಿಟುಕಿಸಿದ್ರ ಮೈದಾನ ಹತ್ತು ಸುತ್ತು ಓಡಬೇಕಿತ್ತು. ಅದು ರಕ್ತದಾಗ ಇಳಿದದ. ಅಂವ ಮಿಟುಕಸ್ರಿ ಅಂದಂಗೆಲ್ಲಾ ನನ್ನ ಕಣ್ಣು ಇನ್ನಷ್ಟು ಅಗಲ ಆದ್ವು. ಮೂರು ಸಲ ಮೊಬೈಲು ಒಲ್ಲೆ ಅಂತು. ಕಣ್ಣಾಗ ನೀರು ಬಂತು, ರೆಪ್ಪಿ ಅಲುಗಲಿಲ್ಲ. ಆಫೀಸಿನ ಬಾಗಲಾ ಹಾಕೋ ಹೊತ್ತಾತು. ಪಿಂಚಣಿ ಹೋತಲ್ಲೋ ಶಿವನ ಅಂತ ನನ್ನ ಜೀವ ಹಾರಿಹೋತು.

ಬೆಂಚಿನ ಮ್ಯಾಲ ಕುಂತಿದ್ದ ಹೆಂಡತಿ ಎದ್ದು ನಿಂತ್ಲು. ಪೊಲೀಸ್ ಲೈನಿನ ಮನಿ ಕಿಟಕಿಯಿಂದ ವರ್ಷಗಟ್ಟಲೆ ಪರೇಡಿನ ಹುಕುಂ ಕೇಳಿದಾಕಿ ಅಕಿ.

"ವಿಶ್ರಾಮ್!"

ನನ್ನ ಕಾಲು ಸಡಿಲಾದ್ವು, ಕಣ್ಣು ಪಟಪಟ ಬಡಕೊಂಡ್ವು. ಮೊಬೈಲಿನ್ಯಾಗ ಹಸಿರು ಗುರುತು ಬಂತು. ಜೀವಂತ ಅದೀನಂತ! ಖುಷಿಗೆ ಅಲ್ಲೇ ಕುಣಿಯೂದೊಂದು ಬಾಕಿ ಇತ್ತು.

ಮನಿಗೆ ಬಂದು ಕುರ್ಚಿದಾಗ ಕಾಲು ಚಾಚಿ ಚಹಾದ ದಾರಿ ನೋಡ್ಕೋತ ಕುಂತೆ. ಅಡಿಗಿಮನಿಯಿಂದ ಚಹಾ ಬರಲಿಲ್ಲ, ಎರಡನೇ ಹುಕುಂ ಬಂತು.

"ಸಾವಧಾನ್! ಭಾಂಡೆ ತಿಕ್ಕಾಕ ಬರ್ರಿ."

ತಿಳಿಯೂದ್ರಾಗ ನಾ ಎದ್ದು ನಿಂತಿದ್ದೆ. ಅವತ್ತಿಂದ ದಿನಾ ಡ್ಯೂಟಿ ಅದ, ಓವರ್‌ಟೈಮ್ ಮಾತ್ರ ಇಲ್ಲಿನೂ ಇಲ್ಲ.